ನಗಿಸಿ ಸಾಯಿಸಿದ್ದಕ್ಕೆ ಏಳು ದಿನ ಬಾಯಿಗೆ ಬೀಗ

ಗೆಳೆಯನೊಬ್ಬ ಮೊದಲ ಸಲ ಜೋಳದ ರೊಟ್ಟಿ ತಟ್ಟಿ ಸೋಷಿಯಲ್ ಮೀಡಿಯಾದಲ್ಲಿ ಫೋಟೋ ಹಾಕಿದ್ದ, ನೋಡೋಕೆ ಥೇಟ್ ಆಸ್ಟ್ರೇಲಿಯಾ ಭೂಪಟ. "ನಗಿಸಿ ನಗಿಸಿ ಸಾಯಿಸಿದೆಯಲ್ಲೋ, ಸಿಕ್ಕರೆ ಕೊಂದೇ ಬಿಡ್ತೀನಿ" ಅಂತ ಬರೆದೆ. ಹತ್ತು ನಿಮಿಷಕ್ಕೆ ಕಾಮೆಂಟ್ ಮಾಯ. ಹಿಂಸೆಗೆ ಪ್ರಚೋದನೆಯಂತೆ, ಏಳು ದಿನ ಏನೂ ಬರೆಯುವ ಹಾಗಿಲ್ಲವಂತೆ! ಮೇಲ್ಮನವಿ ಬಟನ್ ಒತ್ತಿದೆ, ಚಹಾ ಆರುವ ಮೊದಲೇ "ಪರಿಶೀಲಿಸಿದ್ದೇವೆ, ಬದಲಾವಣೆ ಇಲ್ಲ" ಅಂತ ಉತ್ತರ. ಪರಿಶೀಲಿಸಿದವರಿಗೆ ಕನ್ನಡ ಬರುತ್ತಾ, ಅಥವಾ ಅದು ಬರೀ ಯಂತ್ರವಾ, ಯಾರನ್ನು ಕೇಳೋದು? ಹೋದ ತಿಂಗಳು ಒಬ್ಬ ನಮ್ಮ ಅಕ್ಕನಿಗೆ ಅಚ್ಚ ಕನ್ನಡದಲ್ಲೇ ಹೊಲಸಾಗಿ ಬೈದಿದ್ದ. ರಿಪೋರ್ಟ್ ಮಾಡಿದರೆ "ನಿಯಮ ಉಲ್ಲಂಘನೆ ಕಂಡುಬಂದಿಲ್ಲ". ಅದು ಇನ್ನೂ ಅಲ್ಲೇ ಇದೆ.

ಆನ್‌ಲೈನ್‌ನಲ್ಲಿ ಆಕ್ಷೇಪಾರ್ಹವಾಗಿ ಬರೆದವರನ್ನು ಜೈಲಿಗೆ ಹಾಕಬಹುದಾಗಿದ್ದ ಐಟಿ (ಮಾಹಿತಿ ತಂತ್ರಜ್ಞಾನ) ಕಾಯ್ದೆಯ 66ಎ ಸೆಕ್ಷನ್ ಅನ್ನು 2015ರಲ್ಲಿ ಸುಪ್ರೀಂ ಕೋರ್ಟ್ ರದ್ದು ಮಾಡಿದಾಗ ಎಷ್ಟು ಖುಷಿಪಟ್ಟಿದ್ದೆವು, ಅಲ್ವಾ? ಅದು ಸರ್ಕಾರದ ಕಾನೂನು, ಕೋರ್ಟಿನಲ್ಲಿ ಕೇಳಬಹುದಿತ್ತು. ಇದು ಕಂಪನಿಯ ಸ್ವಂತ ನಿಯಮ, ಒಪ್ಪಿದ್ದೇನೆ ಅಂತ ಓದದೆ ಒತ್ತಿದವನು ನಾನೇ. 2021ರ ಐಟಿ ನಿಯಮದ ಪ್ರಕಾರ ದೂರು ತಲುಪಿದೆ ಅಂತ ಕಂಪನಿ 24 ಗಂಟೆಯಲ್ಲಿ ತಿಳಿಸಬೇಕು. ತಿಳಿಸಿದರು, ಅಷ್ಟೇ.

ಇವತ್ತು ನಾಲ್ಕನೇ ದಿನ. ಅವನು ಮತ್ತೊಂದು ರೊಟ್ಟಿ ಹಾಕಿದ್ದಾನೆ, ಈ ಸಲ ಆಫ್ರಿಕಾ. ಸುಮ್ನೆ ನೋಡ್ತಾ ಕೂತಿದ್ದೇನೆ.