ಒಂದು ಚಾರ್ಜಿಗೆ ಎಷ್ಟು ಫೋಟೋ? ಡಬ್ಬದ ಮೇಲೆ ಬರೆಯಿರಿ

ನಿನ್ನೆ ಸಂಜೆ ತಾಲ್ಲೂಕು ಕೇಂದ್ರದ ಒಂದು ಮೊಬೈಲ್ ಅಂಗಡಿಗೆ ಹೋಗಿ ಬಂದಾಗಿನಿಂದ ತಲೆ ಬಿಸಿಯಾಗಿಯೇ ಇದೆ. ಬರೆಯದೆ ಇದ್ದರೆ ಇಳಿಯುವುದಿಲ್ಲ. ಬರಹ ಉದ್ದವಾದರೆ ಸಹಿಸಿಕೊಳ್ಳಿ.

ನಮ್ಮೂರಿನ ಪಿ.ಆರ್. ಹುಡುಗನಿಗೆ ಹೊಸ ಫೋನ್ ಬೇಕಿತ್ತು, ನನ್ನನ್ನೂ ಜೊತೆಗೆ ಕರೆದುಕೊಂಡು ಹೋಗಿದ್ದ. ಹೈಸ್ಕೂಲಿನಲ್ಲಿ ನನ್ನ ಹತ್ತಿರವೇ ವಿಜ್ಞಾನ ಓದಿದವನು. ಪಿ.ಆರ್. ಎಂದರೆ ಬೆಳೆ ಸಮೀಕ್ಷೆಗೆ ನೇಮಿಸಿಕೊಳ್ಳುವ ‘ಖಾಸಗಿ ನಿವಾಸಿ’. ಹಳ್ಳಿಯ ಗೆಳೆಯರಿಗೆ ಇದನ್ನು ಹೇಳಬೇಕಿಲ್ಲ, ಬೆಂಗಳೂರಿನಲ್ಲಿರುವ ನನ್ನ ಹಳೆಯ ವಿದ್ಯಾರ್ಥಿಗಳಿಗಾಗಿ ಹೇಳುತ್ತಿದ್ದೇನೆ. ಹಂಗಾಮು ಬಂತೆಂದರೆ ಸರ್ವೆ ನಂಬರ್ ಹಿಡಿದು ಹೊಲದಿಂದ ಹೊಲಕ್ಕೆ ನಡೆಯಬೇಕು. ತಾಕಿನ ಒಳಗೇ ನಿಂತು, ಜಿಪಿಎಸ್ ಸಿಕ್ಕ ಮೇಲೆ ಬೆಳೆಯ ಫೋಟೋ ತೆಗೆದು ಆ್ಯಪ್‌ನಲ್ಲಿ ದಾಖಲಿಸಬೇಕು. ಮೆಕ್ಕೆಜೋಳದ ನಡುವೆ ತೊಗರಿಯ ಅಕ್ಕಡಿ ಸಾಲು ಇದ್ದರೆ ಅದನ್ನೂ ಬಿಡುವಂತಿಲ್ಲ. ತಾಕಿಗೆ ಇಷ್ಟು ಎಂದು ಹಣ. ಫೋನ್ ಅವನದು, ಚಾರ್ಜಿನ ಚಿಂತೆಯೂ ಅವನದು.

ಅಂಗಡಿಯ ಗೋಡೆಯ ತುಂಬ ಕ್ಯಾಮೆರಾದ ಜಾಹೀರಾತು. 50 ಮೆಗಾಪಿಕ್ಸೆಲ್, 108 ಮೆಗಾಪಿಕ್ಸೆಲ್, 200 ಮೆಗಾಪಿಕ್ಸೆಲ್. ಹುಡುಗ ಕೇಳಿದ್ದು ಒಂದೇ ಪ್ರಶ್ನೆ: “ಸರ್, ಬಿಸಿಲಲ್ಲಿ ನಿಂತು ತೆಗೆದರೆ ಒಂದು ಸಲ ಚಾರ್ಜ್ ಮಾಡಿದ್ದಕ್ಕೆ ಎಷ್ಟು ಫೋಟೋ ಬರುತ್ತವೆ?” ಅಂಗಡಿಯವರು ಡಬ್ಬ ತಿರುಗಿಸಿ ನೋಡಿದರು, ಕಂಪನಿಯ ಜಾಲತಾಣ ತೆರೆದು ನೋಡಿದರು. ವಿಡಿಯೊ ಎಷ್ಟು ಗಂಟೆ ನೋಡಬಹುದು ಎಂದಿತ್ತು. ಹಾಡು ಎಷ್ಟು ಗಂಟೆ ಕೇಳಬಹುದು ಎಂದಿತ್ತು. ಎಷ್ಟು ನಿಮಿಷದಲ್ಲಿ ಅರ್ಧ ಚಾರ್ಜ್ ಆಗುತ್ತದೆ ಎಂದೂ ಇತ್ತು. ಫೋಟೋ ಎಷ್ಟು ಎಂದು ಎಲ್ಲಿಯೂ ಇರಲಿಲ್ಲ. “ಇಡೀ ದಿನ ಬರುತ್ತದೆ ಸರ್” ಎಂದರು. ಅವರನ್ನು ದೂರಿ ಫಲವಿಲ್ಲ, ಅವರಿಗೂ ಯಾರೂ ಹೇಳಿಲ್ಲ.

ಫೋನ್ ಕಂಪನಿಗಳ ಮೇಲೆ ನನ್ನ ಸಿಟ್ಟು ಇಷ್ಟೇ. ಕ್ಯಾಮೆರಾ ಎಂದು ಹೇಳಿಕೊಂಡು ಮಾರುತ್ತೀರಿ, ಕ್ಯಾಮೆರಾ ಎಂದೇ ದುಡ್ಡು ಇಸಿದುಕೊಳ್ಳುತ್ತೀರಿ. ಕ್ಯಾಮೆರಾ ಮಾರುವವರು ಹೇಳಲೇಬೇಕಾದ ಮೊದಲ ಲೆಕ್ಕವನ್ನು ಮಾತ್ರ ಏಕೆ ಹೇಳುವುದಿಲ್ಲ?

ಇದು ಹೇಳಲಾಗದ ಲೆಕ್ಕವೇನೂ ಅಲ್ಲ. ಜಪಾನಿನಲ್ಲಿ ಸಿಪಾ ಎಂಬ ಕ್ಯಾಮೆರಾ ತಯಾರಕರ ಸಂಘವಿದೆ. ಒಂದು ಚಾರ್ಜಿಗೆ ಎಷ್ಟು ಚಿತ್ರ ಎಂದು ಅಳೆಯುವ ವಿಧಾನವನ್ನು ಅದು 2003ರಲ್ಲಿಯೇ ಬರೆದಿಟ್ಟಿದೆ. 23 ಡಿಗ್ರಿ ಸೆಲ್ಸಿಯಸ್ ಉಷ್ಣತೆ, 30 ಸೆಕೆಂಡಿಗೆ ಒಂದು ಚಿತ್ರ, ಫ್ಲ್ಯಾಶ್ ಇರುವ ಕ್ಯಾಮೆರಾ ಆದರೆ ಒಂದು ಬಿಟ್ಟು ಒಂದು ಚಿತ್ರಕ್ಕೆ ಫ್ಲ್ಯಾಶ್, ಹತ್ತು ಚಿತ್ರಕ್ಕೊಮ್ಮೆ ಆರಿಸಿ ಮತ್ತೆ ಹಚ್ಚುವುದು. ಹೀಗೆ ಬ್ಯಾಟರಿ ಮುಗಿಯುವವರೆಗೆ ತೆಗೆಯುತ್ತಾ ಹೋಗಿ ಎಣಿಸುತ್ತಾರೆ. ಆದ್ದರಿಂದಲೇ ನಿಕಾನ್ ಡಿ850 ಕ್ಯಾಮೆರಾದ ವಿವರಪಟ್ಟಿಯಲ್ಲಿ 1840 ಚಿತ್ರ ಎಂದಿರುತ್ತದೆ, ಕೆನಾನ್ 1500ಡಿ ಕ್ಯಾಮೆರಾದಲ್ಲಿ 500 ಎಂದಿರುತ್ತದೆ. ಮದುವೆಯ ಫೋಟೋ ತೆಗೆಯುವವರು ಆ ಅಂಕಿ ನೋಡಿಯೇ ಚೀಲದಲ್ಲಿ ಎಷ್ಟು ಬ್ಯಾಟರಿ ಇಟ್ಟುಕೊಳ್ಳಬೇಕು ಎಂದು ತೀರ್ಮಾನಿಸುತ್ತಾರೆ.

ಆ ಕೆನಾನ್ 1500ಡಿ ಬ್ಯಾಟರಿಯನ್ನು ಸ್ವಲ್ಪ ನೋಡಿ. 860 ಎಂಎಎಚ್, 7.4 ವೋಲ್ಟ್. ಗುಣಿಸಿದರೆ ಆರು ವ್ಯಾಟ್-ಗಂಟೆಯ ಮೇಲೆ ಚೂರು. 5000 ಎಂಎಎಚ್ ಫೋನ್ ಬ್ಯಾಟರಿಯಲ್ಲಿ ಸುಮಾರು 19 ವ್ಯಾಟ್-ಗಂಟೆ ಶಕ್ತಿ ಇರುತ್ತದೆ, ಅಂದರೆ ಮೂರು ಪಟ್ಟು. ಆದರೂ ಆ ಪುಟ್ಟ ಬ್ಯಾಟರಿ 500 ಚಿತ್ರ ಕೊಡುತ್ತದೆ. ಅಲ್ಲಿ ನಾವು ಕನ್ನಡಿಯ ಮೂಲಕ ಕಣ್ಣಿಟ್ಟು ನೋಡುತ್ತೇವೆ, ಗುಂಡಿ ಒತ್ತುವವರೆಗೆ ಚಿತ್ರ ಹಿಡಿಯುವ ಸಂವೇದಕ (ಸೆನ್ಸರ್) ಮಲಗಿರುತ್ತದೆ. ಅದೇ ಕ್ಯಾಮೆರಾದಲ್ಲಿ ಹಿಂದಿನ ಪರದೆ ನೋಡಿಕೊಂಡು ತೆಗೆದರೆ ಲೆಕ್ಕ ಸುಮಾರು ಅರ್ಧಕ್ಕೆ ಇಳಿಯುತ್ತದೆ. ಫೋನಿನಲ್ಲಿ ಕಣ್ಣಿಡಲು ಕನ್ನಡಿಯೇ ಇಲ್ಲ. ಕ್ಯಾಮೆರಾ ತೆರೆದ ಕ್ಷಣದಿಂದ ಸಂವೇದಕ ಸೆಕೆಂಡಿಗೆ ಮೂವತ್ತು ಬಾರಿಯೋ ಇನ್ನೂ ಹೆಚ್ಚೋ ದೃಶ್ಯವನ್ನು ಓದುತ್ತಲೇ ಇರುತ್ತದೆ. ಬಣ್ಣ, ಬೆಳಕು, ಫೋಕಸ್ ಸರಿ ಮಾಡಲು ಒಳಗಿನ ಚಿಪ್ ದುಡಿಯುತ್ತಲೇ ಇರುತ್ತದೆ. ನಾವು ಒಂದು ಸಲ ಒತ್ತಿದರೆ ಅದು ಹಲವು ಚಿತ್ರ ತೆಗೆದು, ಜೋಡಿಸಿ, ಒಂದನ್ನು ನಮ್ಮ ಕೈಗೆ ಕೊಡುತ್ತದೆ. ಆದರೂ ಹೆಚ್ಚು ಚಾರ್ಜ್ ಹೋಗುವುದು ಒತ್ತುವಾಗ ಅಲ್ಲ, ಒತ್ತಲು ಕಾಯುತ್ತಾ ನಿಂತಾಗ.

ಈಗ ಆ ಹುಡುಗನ ಕೆಲಸಕ್ಕೆ ಬನ್ನಿ. ಆಳೆತ್ತರ ಬೆಳೆದ ಮೆಕ್ಕೆಜೋಳದ ನಡುವೆ ಅವನು ನಿಂತಿದ್ದನ್ನು ಹೋದ ವಾರ ನಮ್ಮ ಹೊಲದಲ್ಲಿಯೇ ಹತ್ತಿರದಿಂದ ನೋಡಿದೆ. ಫೋನಿನ ಬೆನ್ನಿಗೆ ಪವರ್ ಬ್ಯಾಂಕ್ ಇಟ್ಟು, ಸೈಕಲ್ ಟ್ಯೂಬ್ ಕತ್ತರಿಸಿದ ಪಟ್ಟಿಯಿಂದ ಎರಡನ್ನೂ ಬಿಗಿದಿದ್ದ. ಚಾರ್ಜರ್ ತೂತು ಸಡಿಲವಾಗಿತ್ತು, ವೈರು ಜಾರದಂತೆ ಕಿರುಬೆರಳಿನಲ್ಲಿ ಒತ್ತಿ ಹಿಡಿದಿದ್ದ. ಬಿಸಿಲಿಗೆ ಏನೂ ಕಾಣದ್ದರಿಂದ ಪರದೆಯ ಬೆಳಕು ಪೂರ್ತಿ ಏರಿಸಿದ್ದ. ಜಿಪಿಎಸ್ ನಿಖರತೆ ಬರಲೆಂದು ಫೋನನ್ನು ತಲೆಯ ಮೇಲೆ ಎತ್ತಿ ಹಿಡಿದು ಕಾದ. ಅಷ್ಟು ಹೊತ್ತೂ ಜಿಪಿಎಸ್, ಪರದೆ, ನೆಟ್‌ವರ್ಕ್ ಎಲ್ಲವೂ ಬ್ಯಾಟರಿಯನ್ನು ಹೀರುತ್ತಿದ್ದವು. ನಮ್ಮ ಆ ಹೊಲದ ಕಡೆ ಸಿಗ್ನಲ್ ಒಂದು ಕಡ್ಡಿ ಬಂದರೆ ಪುಣ್ಯ. ಟವರ್ ದೂರವಾದಷ್ಟೂ ಫೋನಿನ ರೇಡಿಯೊ ಹೆಚ್ಚು ಶಕ್ತಿ ಹಾಕಿ ಕೂಗಬೇಕಾಗುತ್ತದೆ. ಕೊನೆಗೂ ಜಿಪಿಎಸ್ ಸಿಕ್ಕಿತು, ಕ್ಯಾಮೆರಾ ತೆರೆದ, ಒತ್ತಿದ. ಪರದೆ ಕಪ್ಪಾಯಿತು. ಒತ್ತುವ ಮೊದಲು ನಾನೇ ನೋಡಿದ್ದೆ, 18 ಶೇಕಡಾ ತೋರಿಸುತ್ತಿತ್ತು.

“ಹದಿನೆಂಟು ಇತ್ತಲ್ಲ ಸರ್?” ಎಂದು ಅವನು ನನ್ನ ಮುಖ ನೋಡಿದ. ಇತ್ತು. ಹಳೆಯದಾದಂತೆ ಲಿಥಿಯಂ-ಅಯಾನ್ ಬ್ಯಾಟರಿಯ ಒಳಗಿನ ವಿದ್ಯುತ್ ರೋಧ ಹೆಚ್ಚುತ್ತದೆ. ಸುಮ್ಮನೆ ಜೇಬಿನಲ್ಲಿದ್ದಾಗ ಏನೂ ಗೊತ್ತಾಗುವುದಿಲ್ಲ. ಕ್ಯಾಮೆರಾ, ಪರದೆ, ಚಿಪ್ ಎಲ್ಲವೂ ಒಟ್ಟಿಗೆ ಒಮ್ಮೆಲೇ ವಿದ್ಯುತ್ ಎಳೆದಾಗ ವೋಲ್ಟೇಜ್ ಕುಸಿಯುತ್ತದೆ. ಮಿತಿಗಿಂತ ಕೆಳಗೆ ಹೋದೊಡನೆ ಫೋನ್ ತನ್ನನ್ನು ತಾನೇ ಆರಿಸಿಕೊಳ್ಳುತ್ತದೆ. ಇದು ಅಗ್ಗದ ಫೋನುಗಳ ಕಾಯಿಲೆ ಎಂದುಕೊಳ್ಳಬೇಡಿ. ಹಳೆಯ ಬ್ಯಾಟರಿಯ ಐಫೋನ್‌ಗಳು ಹೀಗೆ ಆರಿಹೋಗದಂತೆ ಅವುಗಳ ವೇಗವನ್ನು ಸಾಫ್ಟ್‌ವೇರ್ ಮೂಲಕ ಇಳಿಸಿದ್ದೇವೆ ಎಂದು ಆಪಲ್ ಕಂಪನಿ 2017ರ ಡಿಸೆಂಬರ್‌ನಲ್ಲಿ ಒಪ್ಪಿಕೊಳ್ಳಬೇಕಾಯಿತು. ಜನರ ಆಕ್ರೋಶಕ್ಕೆ ಮಣಿದು ಅಮೆರಿಕದಲ್ಲಿ ಬ್ಯಾಟರಿ ಬದಲಿಸುವ ದರವನ್ನು 79 ಡಾಲರ್‌ನಿಂದ 29ಕ್ಕೆ ಇಳಿಸಿತು. ಅಷ್ಟು ದೊಡ್ಡ ಗಲಾಟೆ ಆದಮೇಲೂ, ಇಷ್ಟು ವರ್ಷ ಕಳೆದಮೇಲೂ, ಡಬ್ಬದ ಮೇಲೆ ಫೋಟೋದ ಲೆಕ್ಕ ಬರಲಿಲ್ಲ.

ಈ ಮಾತು ಎತ್ತಿದಾಗಲೆಲ್ಲ ಬರುವ ಮೊದಲ ಉತ್ತರ “ಪವರ್ ಬ್ಯಾಂಕ್ ತೆಗೆದುಕೊಳ್ಳಲಿ ಬಿಡಿ”. ತೆಗೆದುಕೊಂಡಿದ್ದಾನೆ. 10000 ಎಂಎಎಚ್ ಎಂದು ದೊಡ್ಡದಾಗಿ ಬರೆದಿದೆ. ಆ ಅಂಕಿ ಒಳಗಿನ ಕೋಶದ 3.7 ವೋಲ್ಟಿಗೆ ಸಂಬಂಧಿಸಿದ್ದು. ಹೊರಗೆ 5 ವೋಲ್ಟಿನಲ್ಲಿ ಕೊಡುವಾಗ ಅದೇ ಶಕ್ತಿ 7400 ಎಂಎಎಚ್ ಆಗುತ್ತದೆ, ಪರಿವರ್ತನೆಯಲ್ಲಿ ಬಿಸಿಯಾಗಿ ಹೋಗುವುದನ್ನು ಕಳೆದರೆ ಇನ್ನೂ ಕಡಿಮೆ. 5000 ಎಂಎಎಚ್ ಫೋನನ್ನು ಎರಡು ಸಲ ತುಂಬಿಸುತ್ತದೆ ಎಂದು ನಂಬಿ ಹೊಲಕ್ಕೆ ಹೋದವನು ಮಧ್ಯಾಹ್ನ ಕೈ ಚೆಲ್ಲಿ ಕೂರುತ್ತಾನೆ. ಅದಲ್ಲದೆ ಬಿಸಿಲಿನಲ್ಲಿ ಚಾರ್ಜ್ ಮಾಡುತ್ತಲೇ ಕ್ಯಾಮೆರಾ ಬಳಸಿದರೆ ಫೋನ್ ಬಿಸಿಯಾಗುತ್ತದೆ. ಕಾದ ಫೋನ್ ಪರದೆಯನ್ನು ತಾನೇ ಮಂಕು ಮಾಡುತ್ತದೆ, ಚಾರ್ಜಿಂಗ್ ನಿಧಾನ ಮಾಡುತ್ತದೆ, ಕೆಲವೊಮ್ಮೆ ಕ್ಯಾಮೆರಾ ಮುಚ್ಚಿಬಿಡುತ್ತದೆ. ಆ ಶಾಖದಲ್ಲಿ ಬ್ಯಾಟರಿಯ ಆಯಸ್ಸೂ ಸವೆಯುತ್ತದೆ.

ಎರಡನೆಯ ಉತ್ತರ ಬೆಂಗಳೂರಿನ ಶಿಷ್ಯನೊಬ್ಬನದು. “ಸರ್, ಈಗ 7000 ಎಂಎಎಚ್ ಫೋನ್ ಬಂದಿದೆ.” ಬಂದಿರಲಿ, ಸಂತೋಷ. ಆದರೆ ಅದು ತೊಟ್ಟಿಯ ಅಳತೆ. ಬೈಕ್ ಕೊಳ್ಳುವಾಗ ಟ್ಯಾಂಕಿನಲ್ಲಿ ಎಷ್ಟು ಲೀಟರ್ ಹಿಡಿಯುತ್ತದೆ ಎಂದು ಕೇಳಿ ಸುಮ್ಮನಾಗುವವರು ಯಾರಿದ್ದಾರೆ? ಲೀಟರಿಗೆ ಎಷ್ಟು ಕಿಲೋಮೀಟರ್ ಎಂದೇ ಕೇಳುತ್ತೇವೆ. ಪುಣೆಯ ವಾಹನ ಪರೀಕ್ಷಾ ಸಂಸ್ಥೆ ಎಆರ್‌ಎಐ ಅಳೆದು ಹೇಳಿದಷ್ಟು ಮೈಲೇಜ್ ನಮ್ಮೂರ ರಸ್ತೆಯಲ್ಲಿ ಬರುವುದಿಲ್ಲ ಎಂದು ಎಲ್ಲರಿಗೂ ಗೊತ್ತು. ಆದರೂ ಎರಡು ಬೈಕ್‌ಗಳನ್ನು ಪಕ್ಕಪಕ್ಕ ಇಟ್ಟು ತೂಗಲು ಆ ಅಂಕಿ ಸಾಕು. “ಫೋನ್ ಬಳಕೆ ಒಬ್ಬೊಬ್ಬರದು ಒಂದೊಂದು ತರಹ, ಅಳೆಯುವುದು ಹೇಗೆ?” ಎಂದು ರಾಗ ಎಳೆಯುವವರಿಗೂ ನನ್ನ ಉತ್ತರ ಇದೇ. ಕ್ಯಾಮೆರಾದವರಿಗೆ ಸಾಧ್ಯವಾಯಿತು, ಬೈಕಿನವರಿಗೆ ಸಾಧ್ಯವಾಯಿತು. ವಿಡಿಯೊ ನೋಡುವ ಗಂಟೆಗಳನ್ನು ಅಳೆಯಲು ಇದೇ ಫೋನ್ ಕಂಪನಿಗಳಿಗೆ ಸಾಧ್ಯವಾಗಿದೆ. ಫೋಟೋ ಮಾತ್ರ ಅಳೆಯಲಾಗದ ಬ್ರಹ್ಮವಸ್ತುವೇ?

ಹಂಚಿಕೊಳ್ಳಲೆಂದು ಕೆಲವರು ಉಪಾಯಗಳ ಪಟ್ಟಿ ಕೇಳಬಹುದು. ಒಂದು ತಾಕಿನಿಂದ ಇನ್ನೊಂದಕ್ಕೆ ನಡೆಯುವಾಗ ಕ್ಯಾಮೆರಾ ಮುಚ್ಚಿ ಪರದೆ ಆರಿಸುವುದು, ಸಿಗ್ನಲ್ ಇಲ್ಲದ ಕಡೆ ಏರೋಪ್ಲೇನ್ ಮೋಡ್ ಹಾಕುವುದು (ಬಹುತೇಕ ಫೋನುಗಳಲ್ಲಿ ಆಗಲೂ ಜಿಪಿಎಸ್ ಕೆಲಸ ಮಾಡುತ್ತದೆ), ಫೋಟೋಗಳು ತಾವಾಗಿಯೇ ಕ್ಲೌಡ್‌ಗೆ ಏರುವುದನ್ನು ನಿಲ್ಲಿಸಿ ರಾತ್ರಿ ಮನೆಯ ವೈಫೈಗೆ ಬಿಡುವುದು, ಫೋನನ್ನು ಅಂಗಿಯ ಜೇಬಿನ ಬದಲು ಬಟ್ಟೆ ಚೀಲದ ನೆರಳಿನಲ್ಲಿಡುವುದು. ಇವೆಲ್ಲ ಆ ಹುಡುಗನಿಗೆ ನನಗಿಂತ ಚೆನ್ನಾಗಿ ಗೊತ್ತು. ದಿನವಿಡೀ ಬ್ಯಾಟರಿಯ ಮುಖ ನೋಡಿಕೊಂಡು ದುಡಿಯುವವನಿಗೆ ಉಪದೇಶ ಮಾಡುವುದು ನನಗೆ ಸರಿ ಕಾಣುವುದಿಲ್ಲ. ಅವನಿಗೆ ಬೇಕಾದದ್ದು ಕೊಳ್ಳುವ ಮೊದಲು ಒಂದು ನಿಜವಾದ ಅಂಕಿ.

ಇಷ್ಟೇಕೆ ಕೂಗಾಡುತ್ತೀರಿ, ಒಂದು ಫೋಟೋ ತಾನೇ, ನಾಳೆ ತೆಗೆದರಾಯಿತು ಎನ್ನುವವರೂ ಇದ್ದೀರಿ. ಈವರೆಗೆ ಇಲ್ಲಿ ಬರೆಯದ ಒಂದು ಮಾತನ್ನು ಹೇಳುತ್ತೇನೆ. ಕೆಲವು ವರ್ಷಗಳ ಹಿಂದೆ ನಮ್ಮ ಅಣ್ಣನ ಹೊಲಕ್ಕೆ ಸಮೀಕ್ಷೆಗೆ ಬಂದವನ ಫೋನ್ ಹೀಗೆಯೇ ಆರಿಹೋಯಿತು. ನಾಳೆ ಬರುತ್ತೇನೆ ಎಂದು ಹೋದವನು ಬೇರೆ ಹೊಲಗಳ ಕೆಲಸ ಮುಗಿಸಿ ಮತ್ತೆ ಬರುವ ಹೊತ್ತಿಗೆ ಅಳಿದುಳಿದ ಬೆಳೆಯ ಕಟಾವು ಆಗಿತ್ತು. ಫೋಟೋದಲ್ಲಿ ಬಂದದ್ದು ಬರೀ ಕೂಳೆ. ದಾಖಲೆಯಲ್ಲಿ ಬೆಳೆ ಇಲ್ಲ ಎಂದಾಯಿತು. ಆ ವರ್ಷ ಮಳೆ ಕೈಕೊಟ್ಟಿತ್ತು, ಅಣ್ಣ ವಿಮೆಯ ಕಂತು ಕಟ್ಟಿದ್ದ. ಬಿತ್ತಿದ್ದು ನಿಜ ಎಂದು ತೋರಿಸಲು ಬೀಜದ ರಸೀದಿ ಹಿಡಿದು ಕಚೇರಿಯಿಂದ ಕಚೇರಿಗೆ ಅಲೆದ. “ಹೊಲ ನನ್ನದು, ಬೆವರು ನನ್ನದು, ಬೆಳೆ ಇರಲಿಲ್ಲ ಎಂದು ಫೋಟೋ ಹೇಳುತ್ತದೆಯಲ್ಲೋ” ಎಂದು ನನ್ನ ಮುಂದೆ ಅತ್ತ. ಅಣ್ಣ ಅತ್ತದ್ದನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ. ಬೆಳೆ ಸಮೀಕ್ಷೆಯೇ ಬೇಡ ಎಂದು ನಾನು ಹೇಳುತ್ತಿಲ್ಲ. 2020ರಿಂದ ರೈತರೇ ತಮ್ಮ ಬೆಳೆಯನ್ನು ಆ್ಯಪ್‌ನಲ್ಲಿ ದಾಖಲಿಸುವ ಅವಕಾಶವೂ ಬಂದಿದೆ, ಅದು ಒಳ್ಳೆಯದೇ. ಆದರೆ ರೈತನ ಕೈಯಲ್ಲಿರುವುದೂ ಇಂಥದ್ದೇ ಫೋನ್.

ಬೆಳೆ ವಿಮೆ, ಪರಿಹಾರ, ಬೆಂಬಲ ಬೆಲೆಯ ಖರೀದಿ ಎಲ್ಲಕ್ಕೂ ಈ ದಾಖಲೆ ಬೇಕು. ಮನೆ ಕಟ್ಟಲು ಸಹಾಯಧನ ಪಡೆಯುವವರ ತಳಪಾಯಕ್ಕೂ ಗೋಡೆಗೂ ಜಿಪಿಎಸ್ ಫೋಟೋ ಬೇಕು. ಉದ್ಯೋಗ ಖಾತರಿಯ ಕೆಲಸದ ಸ್ಥಳದಲ್ಲಿ ಕೂಲಿಕಾರರ ಹಾಜರಾತಿಗೆ ದಿನಕ್ಕೆ ಎರಡು ಬಾರಿ ಫೋಟೋ ತೆಗೆಯಬೇಕೆಂಬ ನಿಯಮ 2023ರ ಜನವರಿಯಿಂದ ಎಲ್ಲ ಸಾಮೂಹಿಕ ಕಾಮಗಾರಿಗಳಿಗೂ ಬಂತು. ಬೆಳಗಿನ ಫೋಟೋ ತೆಗೆದು ಮಧ್ಯಾಹ್ನದ ಫೋಟೋಗೆ ಮುಂಚೆ ಹಾಜರಾತಿ ಹಾಕುವ ಕಾಯಕ ಬಂಧುವಿನ ಫೋನ್ ಆರಿಹೋದರೆ ಮಣ್ಣು ಹೊತ್ತವರ ಕೂಲಿಗೇ ಸಂಚಕಾರ. ಇಷ್ಟು ಜನರ ಅನ್ನ ಫೋಟೋದ ಮೇಲೆ ನಿಂತಿರುವ ದೇಶದಲ್ಲಿ ಒಂದು ಚಾರ್ಜಿಗೆ ಎಷ್ಟು ಫೋಟೋ ಎಂಬುದು ಶೋಕಿಯ ಪ್ರಶ್ನೆ ಅಲ್ಲ.

ಯುರೋಪಿನಲ್ಲಿ 2025ರ ಜೂನ್ 20ರಿಂದ ಮಾರುಕಟ್ಟೆಗೆ ಬರುವ ಫೋನುಗಳಿಗೆ ಚೀಟಿ ಕಡ್ಡಾಯವಾಗಿದೆ. ಒಂದು ಚಾರ್ಜಿಗೆ ಎಷ್ಟು ಗಂಟೆ ಎಷ್ಟು ನಿಮಿಷ ಬರುತ್ತದೆ, ಬ್ಯಾಟರಿ ಎಷ್ಟು ಸಲದ ಚಾರ್ಜಿಗೆ ತಾಳುತ್ತದೆ, ರಿಪೇರಿ ಎಷ್ಟು ಸುಲಭ, ಎಲ್ಲವೂ ಅದರಲ್ಲಿರಬೇಕು. 800 ಸಲ ಚಾರ್ಜ್ ಮಾಡಿದ ಮೇಲೂ ಕನಿಷ್ಠ 80 ಶೇಕಡಾ ಸಾಮರ್ಥ್ಯ ಉಳಿದಿರಬೇಕು ಎಂಬ ನಿಯಮವೂ ಜೊತೆಗೆ ಬಂದಿದೆ. ನಮ್ಮಲ್ಲಿ ಫ್ರಿಜ್‌, ಎಸಿಗಳಿಗೆ ನಕ್ಷತ್ರದ ಚೀಟಿ 2006ರಲ್ಲಿ ಶುರುವಾದ ಯೋಜನೆಯಿಂದಲೇ ಬಂತು. ವಿದ್ಯುತ್ ಉಳಿಸುವ ಫ್ರಿಜ್ ಯಾವುದು ಎಂದು ನನ್ನ ಅಕ್ಕ ನಕ್ಷತ್ರ ಎಣಿಸಿ ಆರಿಸಬಲ್ಲಳು. ಫೋನ್ ಆರಿಸಲು ಅವಳಿಗೂ ದಾರಿ ಇಲ್ಲ, ವಿಜ್ಞಾನ ಕಲಿಸಿದ ನನಗೂ ಇಲ್ಲ.

ಹುಡುಗ ನಿನ್ನೆ ಫೋನ್ ಕೊಳ್ಳಲಿಲ್ಲ. ನಾನೇ ಬೇಡ ಎಂದೆ. ಅಂಗಡಿಯವರೊಂದಿಗೆ ಮಾತಾಡಿದ್ದೇನೆ, ಪ್ರದರ್ಶನಕ್ಕೆ ಇಟ್ಟಿರುವ ಮೂರು ಫೋನ್‌ಗಳನ್ನು ಭಾನುವಾರ ಒಂದು ದಿನದ ಮಟ್ಟಿಗೆ ಕೊಡಲು ಒಪ್ಪಿದ್ದಾರೆ. ಹೊಲದ ಬದುವಿನಲ್ಲಿ, ಬಿಸಿಲಿನಲ್ಲಿ, ಪರದೆಯ ಬೆಳಕು ಪೂರ್ತಿ ಏರಿಸಿ, ಜಿಪಿಎಸ್ ಹಾಕಿ, ಅರ್ಧ ನಿಮಿಷಕ್ಕೊಂದು ಫೋಟೋದಂತೆ ಫೋನ್ ಆರುವವರೆಗೂ ತೆಗೆಯುತ್ತೇವೆ, ಬಂದ ಅಂಕಿಯನ್ನು ಇಲ್ಲಿಯೇ ಹಾಕುತ್ತೇನೆ. ಹಾಗೆಯೇ ಗ್ರಾಹಕ ವ್ಯವಹಾರಗಳ ಇಲಾಖೆಗೆ ಬರೆಯುತ್ತಿರುವ ಪತ್ರದ ಕರಡು ಸಿದ್ಧವಿದೆ. ಅದರಲ್ಲಿ ಕೇಳಿರುವುದು ಒಂದೇ, ಡಬ್ಬದ ಮೇಲೆ ಮೆಗಾಪಿಕ್ಸೆಲ್ ಅಚ್ಚು ಹಾಕುವ ಪ್ರತಿ ಕಂಪನಿಯೂ ಅಷ್ಟೇ ದೊಡ್ಡ ಅಕ್ಷರದಲ್ಲಿ ಒಂದು ಚಾರ್ಜಿಗೆ ಎಷ್ಟು ಫೋಟೋ ಎಂದೂ ಅಚ್ಚು ಹಾಕಬೇಕು. ಹಳೆಯ ಫೋನ್ ಇರುವವರು ಭಾನುವಾರ ಬೆಳಿಗ್ಗೆ ಎಂಟಕ್ಕೆ ನಮ್ಮ ಹೊಲಕ್ಕೆ ತನ್ನಿ, ಎರಡು ಮೂರು ವರ್ಷ ಬಳಸಿದ ಬ್ಯಾಟರಿಯ ಲೆಕ್ಕವೂ ಬೇಕು. ನೂರು ಶೇಕಡಾ ಚಾರ್ಜ್ ಮಾಡಿಕೊಂಡೇ ಬನ್ನಿ, ಹೊಲದಲ್ಲಿ ಕರೆಂಟ್ ಇಲ್ಲ.