ಹದಿನಾಲ್ಕು ಮುಷ್ಟಿ ಸುಣ್ಣ

ರಜೆ ಮುಗಿಯಲು ನಾಲ್ಕೇ ದಿನ ಇತ್ತು. ತಂಗಿಯ ಮಗಳು ಲೆಕ್ಕದ ಪುಸ್ತಕ ಹಿಡಿದು ಬಂದಳು. "ಅನುಪಾತ ಅಂದ್ರೆ ಎಂತ ಮಾವ?"

ಕೇಳಿದ ಮೇಲೆ ನಾನು ಬಿಡ್ತೇನಾ? ದೋಸೆ ಹಿಟ್ಟಿನಿಂದ ಶುರು ಮಾಡಿದೆ. ಮೂರು ಲೋಟ ಅಕ್ಕಿಗೆ ಒಂದು ಲೋಟ ಉದ್ದು. ನೆಂಟರು ಬಂದರೆ ಆರಕ್ಕೆ ಎರಡು. ಅಕ್ಕಿಗೆ ಮೂರು ಲೋಟ ಸೇರಿಸಿದೆ ಅಂತ ಉದ್ದಿಗೂ ಮೂರು ಸೇರಿಸಿದರೆ ಆರಕ್ಕೆ ನಾಲ್ಕಾಗಿ, ದೋಸೆ ಕಾವಲಿ ಬಿಟ್ಟು ಏಳೋದಿಲ್ಲ. ಗುಣಿಸಬೇಕು, ಕೂಡಿಸಬಾರದು. ಪಾಠ ಎಷ್ಟು ಚೆನ್ನಾಗಿತ್ತೆಂದರೆ ನನಗೇ ಚಪ್ಪಾಳೆ ಹೊಡೆಯಬೇಕು ಅನ್ನಿಸಿತು.

ಮರುದಿನ ಅಡಿಕೆಗೆ ಮದ್ದು ಹೊಡೆಯೋದಿತ್ತು. ಮಳೆ ಹಿಡಿಯುವ ಮೊದಲು ಒಂದು ಸಲ ಹೊಡೆಯದಿದ್ದರೆ ಶಿರಸಿ ಕಡೆ ಕೊಳೆ ರೋಗ ಯಾರನ್ನೂ ಬಿಡೋದಿಲ್ಲ. ಬೋರ್ಡೋ ಮದ್ದು ಅಂದರೆ ಮೈಲುತುತ್ತ (ತಾಮ್ರದ ನೀಲಿ ಉಪ್ಪು) ಮತ್ತು ಸುಣ್ಣ, ಅಷ್ಟೇ. ಫ್ರಾನ್ಸಿನಲ್ಲಿ ದಾರಿಹೋಕರು ದ್ರಾಕ್ಷಿ ಕದಿಯದಿರಲಿ ಅಂತ ಬಳ್ಳಿಗೆ ಇದನ್ನು ಬಳಿಯುತ್ತಿದ್ದರಂತೆ. ಬಳಿದ ಬಳ್ಳಿಗೆ ರೋಗ ಬರದ್ದನ್ನು ನೋಡಿ ಮಿಲ್ಲಾರ್ದೆ ಎಂಬ ವಿಜ್ಞಾನಿ 1885ರಲ್ಲಿ ಮದ್ದು ಅಂತ ಸಾರಿದ. ಕಳ್ಳರ ಉಪಕಾರ!

ಪ್ರತಿ ವರ್ಷ ಮದ್ದು ಕದಡುವವರು ಅಪ್ಪ. ಈ ಸಲ ಅವರ ಸೊಂಟ ಕೈಕೊಟ್ಟಿತ್ತು. "100 ಲೀಟರಿಗೆ ಒಂದು ಕೆಜಿ ಮೈಲುತುತ್ತ, ಒಂದು ಕೆಜಿ ಸುಣ್ಣ" ಅಂತ ಜಗಲಿಯಿಂದಲೇ ಹೇಳಿದರು. ನಮ್ಮ ಡ್ರಮ್ಮು 200 ಲೀಟರಿನದು. ಎರಡೆರಡು. ಇದೆಂಥ ಲೆಕ್ಕ!

ತಕ್ಕಡಿಯ ಸೆಲ್ ಸತ್ತಿತ್ತು. ಮೈಲುತುತ್ತ ಒಂದು ಕೆಜಿ ಪ್ಯಾಕೆಟ್ಟಿನಲ್ಲೇ ಇತ್ತು. ಒಂದು ಪ್ಯಾಕೆಟ್ಟು ಹಳೇ ಹಾಲಿನಪುಡಿ ಡಬ್ಬಕ್ಕೆ ಸುರಿದೆ, ಸರಿಯಾಗಿ ತುಂಬಿತು. ಹಾಗಾದರೆ ಡಬ್ಬ ಅಂದರೆ ಒಂದು ಕೆಜಿ. ಅದೇ ಡಬ್ಬದಲ್ಲಿ ಎರಡು ಸಲ ಸುಣ್ಣದ ಪುಡಿ ಅಳೆದೆ. ಬೇರೆ ಬೇರೆ ಕರಗಿಸಿ, ಸುಣ್ಣದ ನೀರಿಗೆ ಮೈಲುತುತ್ತದ ನೀರನ್ನು ಹೊಯ್ದೆ. ಬಣ್ಣವೂ ನೀಲಿ ನೀಲಿ, ಚಂದ.

ಮರ ಹತ್ತಿ ಮದ್ದು ಹೊಡೆಯುವ ಕೊನೆಗೌಡ ಬಂದವನೇ ಮಾತಿಲ್ಲದೆ ತನ್ನ ಕತ್ತಿಯನ್ನು ಡ್ರಮ್ಮಿಗೆ ಅದ್ದಿದ. ತೆಗೆದಾಗ ಅಲಗು ತಾಮ್ರದಂತೆ ಕೆಂಪು. "ಹೆಗಡೇರೆ, ಸುಣ್ಣ ಸಾಲ. ಇದನ್ನ ಹೊಡೆದ್ರೆ ಎಳೆ ಕಾಯಿ ಸುಟ್ಟು ಹೋಗ್ತದೆ."

"ಒಂದಕ್ಕೊಂದೇ ಹಾಕಿದ್ದೇನೆ ಮಾರಾಯ!"

ಹುಡುಗಿ ಅಷ್ಟರಲ್ಲಿ ಡಬ್ಬಕ್ಕೆ ಸುಣ್ಣ ತುಂಬಿ ಎತ್ತಿ ನೋಡಿದಳು. "ಮಾವ, ಇದು ಅರ್ಧ ಕೆಜಿಯೂ ಇಲ್ಲ. ಹಗುರ. ನೀನು ಲೋಟದ ಲೆಕ್ಕ ಹಾಕಿದ್ದೀ."

ದೋಸೆ ಲೋಟದ್ದು, ಮದ್ದು ತೂಕದ್ದು. ಕಲಿಸಿದವನೇ ದೋಸೆ ಹೊಯ್ದಿದ್ದೆ.

ಆಮೇಲೆ ಒಂದೊಂದೇ ಮುಷ್ಟಿ ಸುಣ್ಣ ಕರಗಿಸಿ ಹಾಕೋದು, ಕದಡೋದು, ಕತ್ತಿ ಅದ್ದೋದು. ಕೆಂಪು. ಒರೆಸೋದು, ಮತ್ತೆ ಅದ್ದೋದು. ಮೋಡ ಕವಿಯುತ್ತಿತ್ತು. ಕೊನೆಗೌಡ ಎರಡನೇ ಎಲೆಯಡಿಕೆ ಕವಳ ಹಾಕಿದ. ಹದಿನಾಲ್ಕನೇ ಮುಷ್ಟಿಗೆ ಕತ್ತಿ ಬಿಳಿಯಾಗಿಯೇ ಮೇಲೆ ಬಂತು.

"ಸುಣ್ಣ ಎಷ್ಟು ಹಿಡೀತೋ?" ಅಪ್ಪ ಜಗಲಿಯಿಂದ ಕೂಗಿದರು.

"ಸಾಕಾಗುವಷ್ಟು" ಅಂದೆ.

ಹುಡುಗಿ ಮಾತ್ರ ಪಟ್ಟಿಯಲ್ಲಿ ಬರೆದುಕೊಂಡಿದ್ದಳು. ಎರಡು ಡಬ್ಬ ಮೈಲುತುತ್ತಕ್ಕೆ ಎರಡು ಡಬ್ಬ, ಹದಿನಾಲ್ಕು ಮುಷ್ಟಿ ಸುಣ್ಣ.

"ಮಾವ, ಇದನ್ನ ಸರಳ ರೂಪಕ್ಕೆ ತರೋದು ಹೇಗೆ?"