ಮೊದಲು ಬಾಗಿಲು ಅಳೆಯಿರಿ, ಆಮೇಲೆ ಪ್ರಿಂಟರು

ಚಿತ್ರ ಬರೆಯುವವರು, ಫೋಟೊ ತೆಗೆಯುವವರು ಮೈಸೂರಿನಲ್ಲಿ ಬೀದಿಗೊಬ್ಬರು ಸಿಗುತ್ತಾರೆ. ಅವರಲ್ಲಿ ಯಾರಿಗಾದರೂ ಒಂದು ದಿನ ‘ನಮ್ಮ ಪ್ರಿಂಟು ನಾವೇ ಹಾಕಿಕೊಂಡರೆ ಹೇಗೆ’ ಅನ್ನಿಸಿತೋ, ಮುಗಿಯಿತು. ಅಂದಿನಿಂದ ರಾತ್ರಿಯೆಲ್ಲ ಯೂಟ್ಯೂಬು. ಎಪ್ಸನ್ನೋ ಕ್ಯಾನನ್ನೋ ಎಚ್‌ಪಿಯೋ, ಒಂಬತ್ತು ಬಣ್ಣವೋ ಹನ್ನೆರಡು ಬಣ್ಣವೋ ಎಂದು ಬಾಯಿಪಾಠ. ಟೇಪು ಹಿಡಿದು ಮನೆ ಬಾಗಿಲು ಅಳೆಯಬೇಕು ಅನ್ನುವುದು ಮಾತ್ರ ಯಾವ ವಿಡಿಯೋದಲ್ಲೂ ಬರುವುದಿಲ್ಲ.

44 ಇಂಚಿನ ಪ್ರಿಂಟರ್ ಎಂದರೆ 44 ಇಂಚು ಅಗಲದ ಕಾಗದ ಹಿಡಿಯುವ ಪ್ರಿಂಟರ್ ಅಂತ ಅರ್ಥ. ಯಂತ್ರ ಐದಾರು ಅಡಿ ಉದ್ದ, ತೂಕ ನೂರು ಕೆ.ಜಿ.ಗೂ ಮೇಲೆ. ಅದು ಬರುವ ಡಬ್ಬ ಇನ್ನೂ ಒಂದು ಸುತ್ತು ದೊಡ್ಡದು. ಅಗ್ರಹಾರದ ಕಡೆಯ ಹಳೇ ಮನೆಗಳಲ್ಲಿ ಎರಡು ಕದದ ಬಾಗಿಲು. ಒಂದು ಕದದಲ್ಲಿ ಎಲ್ಲರೂ ಓಡಾಡುತ್ತಾರೆ. ಇನ್ನೊಂದರ ಚಿಲಕಕ್ಕೆ ಹಬ್ಬಹಬ್ಬಕ್ಕೂ ಪೇಂಟು ಬಳಿದು ಬಳಿದು ಅದೀಗ ಗೋಡೆಗೇ ಸೇರಿಹೋಗಿದೆ. ಟೆಂಪೋದವರು ಡಬ್ಬವನ್ನು ಜಗಲಿಗೆ ಇಳಿಸಿ, ‘ಒಳಕ್ಕೆ ಹೋಗಲ್ಲ ಸಾರ್’ ಎಂದು ಸಹಿ ಹಾಕಿಸಿಕೊಂಡು ಹೊರಡುತ್ತಾರೆ. ಎದುರು ಮನೆಯಿಂದ ‘ಫ್ರಿಜ್ ತಂದ್ರಾ?’ ಎಂಬ ವಿಚಾರಣೆ ಬರುತ್ತದೆ.

ಆದ್ದರಿಂದ ಗೇಟು, ಬಾಗಿಲು, ಮಹಡಿಯ ಮನೆಯಾದರೆ ಮೆಟ್ಟಿಲು ತಿರುಗುವ ಜಾಗ, ಎಲ್ಲವನ್ನೂ ಅಳೆಯಬೇಕು. ಬಾಗಿಲಲ್ಲಿ ಹಿಡಿಯುವುದು ತಿರುವಿನಲ್ಲಿ ಹಿಡಿಯುವುದಿಲ್ಲ. ಡಬ್ಬವನ್ನು ಹೊರಗೇ ಬಿಚ್ಚಿ, ಸ್ಟ್ಯಾಂಡು ಬೇರೆ ಯಂತ್ರ ಬೇರೆ ಮಾಡಿ, ಕನಿಷ್ಠ ನಾಲ್ಕು ಜನ ಹಿಡಿದು ಮಟ್ಟಸವಾಗಿ ಒಯ್ಯಬೇಕು. ಬೀರು ಸಾಗಿಸುವ ಹಾಗೆ ಲಂಬವಾಗಿ ನಿಲ್ಲಿಸಿಬಿಟ್ಟರೆ ಆಮೇಲೆ ವಾರಂಟಿಯ ಮಾತೆತ್ತಬೇಡಿ. ಒಳಗೆ ಹೋದ ಮೇಲೂ ಗೋಡೆಗೆ ಒತ್ತಿ ಇಡುವ ಹಾಗಿಲ್ಲ. ದಪ್ಪ ಬೋರ್ಡು ಮುದ್ರಿಸುವ ಮಾದರಿಗಳಲ್ಲಿ ಬೋರ್ಡು ಹಿಂದಕ್ಕೆ ಚಾಚಿಕೊಳ್ಳುತ್ತದೆ. ವಾಸ್ತು ಬಲ್ಲ ಚಿಕ್ಕಪ್ಪ ಒಬ್ಬರಿದ್ದರೆ ‘ಕರೆಂಟಿನ ಸಾಮಾನು, ಆಗ್ನೇಯದಲ್ಲೇ ಇರಲಿ’ ಅನ್ನುತ್ತಾರೆ. ಇರಲಿ ಬಿಡಿ, ಕಿಟಕಿಯ ಬಿಸಿಲು, ಫ್ಯಾನಿನ ನೇರ ಗಾಳಿ ಎರಡೂ ಅಲ್ಲಿ ಬೀಳದಿದ್ದರೆ ಸಾಕು.

ಹಾಗಾದರೆ 24 ಇಂಚಿನದೇ ಸಾಕೇ? ಕಾಗದಕ್ಕೆ ಸಾಕು. ಎ1 ಅಳತೆಯ ಅಗಲ 594 ಮಿ.ಮೀ., 24 ಇಂಚೆಂದರೆ 610. ಆರಾಮಾಗಿ ಕೂರುತ್ತದೆ. ಜನ ಎಡವುವುದು ಕ್ಯಾನ್‌ವಾಸಿನಲ್ಲಿ. ಗಿರಾಕಿ ‘24ಕ್ಕೆ 36, ಮರದ ಚೌಕಟ್ಟಿಗೆ ಸುತ್ತಿಸಿ ಕೊಡಿ’ ಅಂದಾಗ 24 ಇಂಚಿನ ರೋಲ್ ಇದೆಯಲ್ಲ ಎಂದು ಒಪ್ಪಿಕೊಂಡುಬಿಡುತ್ತಾರೆ. ಚೌಕಟ್ಟಿನ ದಪ್ಪ ಒಂದೂವರೆ ಇಂಚು, ಹಿಂದೆ ಮಡಚಿ ಪಿನ್ನು ಹೊಡೆಯಲು ಒಂದು ಇಂಚು, ಎರಡೂ ಬದಿ ಸೇರಿ ಐದು ಇಂಚು ಹೆಚ್ಚಿಗೆ ಬೇಕು. ಬೇಕಾದದ್ದು 29 ಇಂಚಿನ ಬಟ್ಟೆ. 24ರ ರೋಲಿನಲ್ಲಿ ಸುತ್ತಬಹುದಾದ ಚೌಕಟ್ಟಿನ ಚಿಕ್ಕ ಬದಿ 19 ಇಂಚು ಮಾತ್ರ. ಕ್ಯಾನ್‌ವಾಸ್ ಆರ್ಡರುಗಳೇ ಹೆಚ್ಚೆಂದಾದರೆ 44ಕ್ಕೆ ಹೋಗಿ, ಬಾಗಿಲು ಒಡೆಸಿಯಾದರೂ. ಕಾಗದವೇ ಹೆಚ್ಚೆಂದಾದರೆ 24 ಧಾರಾಳ. ಎ2ಗಿಂತ ದೊಡ್ಡದು ವರ್ಷಕ್ಕೊಮ್ಮೆ ಎಂದಾದರೆ 17 ಇಂಚಿನದನ್ನು ಮೇಜಿನ ಮೇಲಿಟ್ಟು, ದೊಡ್ಡದನ್ನು ಹೊರಗೆ ಕೊಟ್ಟು ಮಾಡಿಸಿ.

ಹೊರಗೆ ಅಂದರೆ ಫ್ಲೆಕ್ಸ್ ಅಂಗಡಿಗಲ್ಲ. ‘ಅಣ್ಣಾ, ನಮ್ಮಲ್ಲೂ ಕ್ಯಾನ್‌ವಾಸ್ ಐತೆ, ಅಡಿ ಲೆಕ್ಕ’ ಎಂದು ಕರೆಯುತ್ತಾರೆ. ಅದು ಸಾಲ್ವೆಂಟ್ ಇಂಕಿನ ಯಂತ್ರ. ದಸರಾ ಶುಭಾಶಯ ಕೋರುವ ಮುಖಗಳನ್ನು ರಸ್ತೆಯ ಆ ಬದಿಯಿಂದ ನೋಡಲು ತಕ್ಕದ್ದು. ಕೈಯಲ್ಲಿ ಹಿಡಿದು ನೋಡುವ ಪ್ರಿಂಟಿಗೆ ಬಣ್ಣದ ನುಣ್ಣನೆ ಪುಡಿಯನ್ನು ನೀರಿನಲ್ಲಿ ಕಲೆಸಿದ ಪಿಗ್ಮೆಂಟ್ ಇಂಕು, ಹತ್ತಿಯ ಕಾಗದ. ಬಣ್ಣ ಪೂರ್ತಿ ಕರಗಿರುವ ಡೈ ಇಂಕಿನದು ಬಿಸಿಲಿಗೆ ಬೇಗ ಮಂಕಾಗುತ್ತದೆ. ಪಿಗ್ಮೆಂಟಿನದು ಗಾಜಿನ ಹಿಂದೆ ದಶಕಗಟ್ಟಲೆ ನಿಲ್ಲುತ್ತದೆ. ಹೇಳಿಕೇಳಿ ನಮ್ಮದು ಅಳಿಸದ ಶಾಯಿಯ ಊರು: 1962ರ ಚುನಾವಣೆಯಿಂದ ದೇಶದ ಮತದಾರರ ಬೆರಳಿಗೆ ಹಚ್ಚುವುದು 1937ರಲ್ಲಿ ಶುರುವಾದ ನಮ್ಮ ಮೈಸೂರು ಪೇಂಟ್ಸ್ ಕಾರ್ಖಾನೆಯ ಶಾಯಿಯೇ. ಪ್ರಿಂಟರ್ ತನ್ನನ್ನು ತೊಳೆದುಕೊಂಡ ಇಂಕು ಸೇರುವ ಮೇಂಟೆನೆನ್ಸ್ ಟ್ಯಾಂಕ್ ಬದಲಾಯಿಸುವಾಗ ಬಿಳಿ ಪಂಚೆ ಉಟ್ಟಿದ್ದವರಿಗೆ ಪಿಗ್ಮೆಂಟಿನ ಗಟ್ಟಿತನವೂ ಚೆನ್ನಾಗಿ ಗೊತ್ತಾಗುತ್ತದೆ.

ಈಗ ಇಂಕಿನ ಲೆಕ್ಕ. ಅಂಗಡಿಯವರು ‘700 ಎಂಎಲ್ ತಗೊಳ್ಳಿ ಸಾರ್, ಎಂಎಲ್ ಲೆಕ್ಕದಲ್ಲಿ ಅಗ್ಗ’ ಅನ್ನುತ್ತಾರೆ. ಸುಳ್ಳಲ್ಲ. ಚದರ ಅಡಿಗೆ ಸುಮಾರು ಒಂದರಿಂದ ಒಂದೂವರೆ ಎಂಎಲ್ ಇಂಕು ಹೋಗುತ್ತದೆ. 24ಕ್ಕೆ 36ರ ಒಂದು ಪ್ರಿಂಟು ಆರು ಚದರ ಅಡಿ, ಹೆಚ್ಚೆಂದರೆ 9 ಎಂಎಲ್. ಹನ್ನೆರಡು ಬಣ್ಣಕ್ಕೆ 700ರಂತೆ 8,400 ಎಂಎಲ್, ಅಂದರೆ ಒಂಬೈನೂರು ಚಿಲ್ಲರೆ ಪ್ರಿಂಟು. ತಿಂಗಳಿಗೆ ಎರಡು ಪ್ರಿಂಟು ಹಾಕುವವರಿಗೆ ಇದು 38 ವರ್ಷಕ್ಕೆ ಸಾಕು. ಕಾರ್ಟ್ರಿಜ್ ತೆರೆದು ಆರು ತಿಂಗಳಲ್ಲಿ ಮುಗಿಸಿ ಎಂಬುದು ಎಪ್ಸನ್ನಿನವರ ಸಲಹೆ. ಅಂಥವರು ಚಿಕ್ಕ ಕಾರ್ಟ್ರಿಜ್ ಹಾಕುವುದೇ ವಾಸಿ. ಜೊತೆಗೆ ಇನ್ನೊಂದು: ಹೊಸ ಯಂತ್ರ ಮೊದಲ ಸಲ ಚಾಲೂ ಆದಾಗ ಕೊಳವೆಗಳನ್ನೆಲ್ಲ ತುಂಬಿಕೊಳ್ಳುತ್ತದೆ. ಒಂದು ಪ್ರಿಂಟೂ ಬಂದಿರುವುದಿಲ್ಲ, ಪೆಟ್ಟಿಗೆಯಲ್ಲಿ ಬಂದ ಇಂಕು ಅರ್ಧಕ್ಕಿಳಿದಿರುತ್ತದೆ. ಸೋರುತ್ತಿದೆ ಎಂದು ಕೆಳಗೆ ಬಗ್ಗಿ ಟಾರ್ಚು ಬಿಡಬೇಡಿ.

ಕಪ್ಪು ಬಣ್ಣ ಎರಡಿರುತ್ತದೆ. ಮಿರುಗುವ ಕಾಗದಕ್ಕೆ ಫೋಟೊ ಬ್ಲ್ಯಾಕ್, ಹತ್ತಿ ಕಾಗದಕ್ಕೆ ಮ್ಯಾಟ್ ಬ್ಲ್ಯಾಕ್. ಎಪ್ಸನ್ ಪಿ800ರಂಥ ಹಳೆಯ ಮಾದರಿಗಳಲ್ಲಿ ಎರಡಕ್ಕೂ ಒಂದೇ ದಾರಿ, ಅದಲುಬದಲು ಮಾಡಿದಾಗೆಲ್ಲ ಇಂಕು ಚರಂಡಿಗೆ. ಪಿ900ರಲ್ಲಿ ಎರಡಕ್ಕೂ ಬೇರೆ ದಾರಿ ಆಯಿತು. ಸೆಕೆಂಡ್ ಹ್ಯಾಂಡ್ ಕೊಳ್ಳುವವರು ಕೇಳಬೇಕಾದ ಮೊದಲ ಪ್ರಶ್ನೆ ಇದೇ. ಇನ್ನು ಕಂಪ್ಯೂಟರಿನಲ್ಲಿ ಪ್ರಿಂಟರ್ ನಡೆಸುವ ತಂತ್ರಾಂಶದಲ್ಲಿ, ಅಂದರೆ ಡ್ರೈವರಿನಲ್ಲಿ, ಕಾಗದದ ಹೆಸರು ತಪ್ಪಾಗಿ ಆರಿಸಿದರೆ ಹತ್ತಿ ಕಾಗದದ ಮೇಲೆ ಫೋಟೊ ಬ್ಲ್ಯಾಕ್ ಬಿದ್ದು, ಅಮಾವಾಸ್ಯೆಯ ಆಕಾಶ ಬೂದಿ ಬಣ್ಣಕ್ಕೆ ತಿರುಗುತ್ತದೆ. ಕಾಗದ ಮಗುಚಿ ಹಾಕಿದರೂ ಅದೇ ಗತಿ. ಒದ್ದೆ ಬೆರಳಲ್ಲಿ ಮೂಲೆಯನ್ನು ಎರಡೂ ಕಡೆ ಮುಟ್ಟಿ ನೋಡಿ, ಅಂಟಿದ ಹಾಗಾಗುವುದು ಮುದ್ರಿಸುವ ಬದಿ. ಹಾಕುವ ಮುಂಚೆ ಮೆತ್ತನೆ ಬ್ರಷ್ಷಿನಿಂದ ನಾರು ಕೊಡವಿ. ಇಲ್ಲದಿದ್ದರೆ ಮುದ್ರಣವಾದ ಮೇಲೆ ನಾರು ಉದುರಿ ಚಾಮುಂಡಿ ಬೆಟ್ಟದ ನೆತ್ತಿಯಲ್ಲಿ ಬಿಳಿ ಚುಕ್ಕೆ.

ಯಾವ ಕಂಪನಿ ಎಂಬ ಪ್ರಶ್ನೆಗೆ ನನ್ನ ಉತ್ತರ: ಪ್ರಿಂಟು ನೋಡಿ ಆರಿಸಬೇಡಿ, ಮೂರರದ್ದೂ ಚೆನ್ನಾಗಿಯೇ ಬರುತ್ತದೆ. ನಿಮ್ಮ ಸೋಮಾರಿತನ ನೋಡಿ ಆರಿಸಿ. ಎಪ್ಸನ್ನಿನ ಹೆಡ್ಡಿನಲ್ಲಿ, ಅಂದರೆ ಕಾಗದದ ಮೇಲೆ ಇಂಕು ಚಿಮ್ಮಿಸುವ ಭಾಗದಲ್ಲಿ, ಕರೆಂಟಿಗೆ ಬಾಗುವ ಪೀಜೋ ಪದರ ಇಂಕನ್ನು ತಳ್ಳುತ್ತದೆ. ಬಹಳ ಕಾಲ ಬಾಳುವ ಹೆಡ್ಡು, ಆದರೆ ಸುಮ್ಮನೆ ಬಿಟ್ಟರೆ ಕಟ್ಟಿಕೊಳ್ಳುತ್ತದೆ. ಹೋದರೆ ಎಂಜಿನಿಯರೇ ಬರಬೇಕು, ಬಿಲ್ಲು ದೊಡ್ಡದು. ಕ್ಯಾನನ್ ಪ್ರೊ ಸರಣಿಯಲ್ಲಿ ಇಂಕನ್ನು ಕಾಯಿಸಿ ಗುಳ್ಳೆ ಎಬ್ಬಿಸಿ ಚಿಮ್ಮಿಸುತ್ತದೆ. ಇಂಕು ಚಿಮ್ಮುವ 18,432 ಸಣ್ಣ ತೂತುಗಳಲ್ಲಿ, ಅಂದರೆ ನಾಜಲ್‌ಗಳಲ್ಲಿ, ಕೆಲವು ಕಟ್ಟಿದರೆ ಬೇರೆಯವು ಅವುಗಳ ಕೆಲಸ ಮಾಡುತ್ತವೆ. ಹೆಡ್ಡು ಸವೆಯುವ ಸಾಮಾನು, ನೀವೇ ಬದಲಾಯಿಸಬಹುದು. ಎಚ್‌ಪಿ ಜೆ಼ಡ್9 ಪ್ಲಸ್‌ನಲ್ಲಿ ಬಣ್ಣ ಅಳೆಯುವ ಉಪಕರಣ ಒಳಗೇ ಇದೆ, ಹೊಸ ಕಾಗದದ ಮೇಲೆ ಬಣ್ಣ ಹೇಗೆ ಬೀಳುತ್ತದೆಂಬ ಲೆಕ್ಕದ ಪ್ರೊಫೈಲ್ ಅದೇ ಮಾಡಿಕೊಳ್ಳುತ್ತದೆ. ದಿನಾ ಕೆಲಸವಿದ್ದರೆ ಎಪ್ಸನ್, ಸಂಕ್ರಾಂತಿಗೊಂದು ಯುಗಾದಿಗೊಂದು ಎಂದಾದರೆ ಕ್ಯಾನನ್. ಎರಡರಲ್ಲೂ ಎಂಜಿನಿಯರ್ ಮೈಸೂರಿನಲ್ಲೇ ಇದ್ದಾರೋ ಬೆಂಗಳೂರಿನಿಂದ ಬರಬೇಕೋ, ಬಂದುಹೋಗುವ ಖರ್ಚು ಯಾರದ್ದು ಎಂಬುದನ್ನು ದುಡ್ಡು ಕೊಡುವ ಮುಂಚೆ ಬರೆಸಿಕೊಳ್ಳಿ. ಕೊಟ್ಟ ಮೇಲೆ ಆ ಮಾತು ಆಡುವವರು ಸಿಗುವುದಿಲ್ಲ.

ಯಂತ್ರಕ್ಕೆ ಮನೆಯೊಳಗೇ ಒಬ್ಬ ಶತ್ರು ಇರುತ್ತಾರೆ: ರಾತ್ರಿ ಮಲಗುವ ಮುಂಚೆ ಎಲ್ಲ ಸ್ವಿಚ್ಚುಗಳನ್ನೂ ಗೋಡೆಯಲ್ಲೇ ಆರಿಸಿಕೊಂಡು ಬರುವ ಹಿರಿಯರು. ಪ್ರಿಂಟರಿನದೇ ಬಟನ್ ಒತ್ತಿ ಆರಿಸಿದರೆ ಹೆಡ್ಡು ಮೂಲೆಗೆ ಹೋಗಿ ರಬ್ಬರ್ ಮುಚ್ಚಳದ ಮೇಲೆ ಕೂರುತ್ತದೆ. ಕೆಲಸದ ಮಧ್ಯೆ ಗೋಡೆಯಲ್ಲಿ ಆರಿಸಿದರೆ, ಇಲ್ಲವೇ ಕರೆಂಟು ಹೋದರೆ, ಎಲ್ಲಿತ್ತೋ ಅಲ್ಲೇ ಬಾಯಿ ತೆರೆದು ನಿಂತು ಒಣಗುತ್ತದೆ. ಮುದ್ರಿಸುವಾಗಲೂ ಇದು ಎಳೆಯುವುದು ನೂರು ವಾಟ್ ಆಸುಪಾಸು. ಪ್ಯೂರ್ ಸೈನ್ ವೇವ್ ಇನ್ವರ್ಟರನ್ನು ಯುಪಿಎಸ್ ಮೋಡ್‌ಗೆ ಹಾಕಿದರೆ ಸಾಕು. ಸ್ವಿಚ್ಚಿನ ಮೇಲೆ ‘ಮುಟ್ಟಬೇಡಿ’ ಎಂದು ಚೀಟಿ ಅಂಟಿಸಿದರೆ ಹಿರಿಯರಿಗೆ ಕೋಪ ಬರುತ್ತದೆ. ‘ಆರಿಸಿದರೆ ಇಂಕು ವೇಸ್ಟ್, ಮೂರು ಸಾವಿರ ರೂಪಾಯಿ’ ಎಂದು ಬರೆದರೆ ಅವರೇ ಕಾವಲು ಕೂರುತ್ತಾರೆ.

ಮಾರ್ಚಿ ಏಪ್ರಿಲ್ಲಿನ ಒಣ ಮಧ್ಯಾಹ್ನಗಳಲ್ಲಿ ಕೋಣೆಯ ತೇವಾಂಶ ಶೇ 40ಕ್ಕಿಂತ ಕೆಳಗಿಳಿದರೆ ನಾಜಲ್ ಕಟ್ಟುತ್ತದೆ. ಆಷಾಢದಲ್ಲಿ ಶೇ 60 ದಾಟಿದರೆ ಕಾಗದ ಅಲೆಅಲೆಯಾಗಿ ಎದ್ದು ಹೆಡ್ಡಿಗೆ ತಾಗುತ್ತದೆ. ಗೋಡೆಗೊಂದು ತೇವಾಂಶದ ಮೀಟರ್ ಹಾಕಿ. ವಾರಕ್ಕೊಮ್ಮೆ ಎಲ್ಲ ಬಣ್ಣ ಬರುವ ಪುಟ್ಟ ಪ್ರಿಂಟು ತೆಗೆಯಿರಿ, ದೊಡ್ಡ ಕೆಲಸಕ್ಕೆ ಮುಂಚೆ ನಾಜಲ್ ಚೆಕ್ ಎಂಬ ಗೆರೆಗಳ ಪರೀಕ್ಷಾ ಪ್ರಿಂಟು ನೋಡಿ. ಗೆರೆ ತುಂಡಾಗಿದ್ದರೆ ಒಂದೆರಡು ಸಲ ಕ್ಲೀನಿಂಗ್, ಆಗಲೂ ಸರಿಹೋಗದಿದ್ದರೆ ರಾತ್ರಿಯಿಡೀ ಬಿಡಿ. ಒಂದರ ಹಿಂದೊಂದು ಹತ್ತು ಸಲ ಕ್ಲೀನಿಂಗ್ ಹೊಡೆದರೆ ನಾಜಲ್ ತೆರೆಯದೆ ಇರಬಹುದು, ಮೇಂಟೆನೆನ್ಸ್ ಟ್ಯಾಂಕ್ ಮಾತ್ರ ಖಂಡಿತ ತುಂಬುತ್ತದೆ. ತುಂಬಿತೆಂದು ಟ್ಯಾಂಕಿನ ಚಿಪ್ ಹೇಳಿದ ಮೇಲೆ ಹೊಸದು ಹಾಕುವ ತನಕ ಯಂತ್ರ ಅಲುಗುವುದಿಲ್ಲ. ಇದು ಸಾಮಾನ್ಯವಾಗಿ ಆಗುವುದು ಭಾನುವಾರ, ಪ್ರದರ್ಶನದ ಹಿಂದಿನ ದಿನ. ಒಂದು ಟ್ಯಾಂಕ್ ಮನೆಯಲ್ಲಿರಲಿ.

‘ಪ್ರಿಂಟು ಕಪ್ಪಗೆ ಬಂದಿದೆ’ ಎಂಬ ದೂರಿಗೆ ಹತ್ತರಲ್ಲಿ ಒಂಬತ್ತು ಸಲ ಮಾನಿಟರ್ ಕಾರಣ, ಪ್ರಿಂಟರ್ ಅಲ್ಲ. ಬೆಳಕನ್ನು ಚದರ ಮೀಟರಿಗೆ 80–120 ಕ್ಯಾಂಡೆಲಾಕ್ಕೆ ಇಳಿಸಿ ನೋಡಿ. ಮುಖಗಳೆಲ್ಲ ಹೋಳಿ ಆಡಿದ ಹಾಗೆ ಗುಲಾಬಿಗೆ ತಿರುಗಿದ್ದರೆ ಫೋಟೊಶಾಪು, ಡ್ರೈವರು ಎರಡೂ ಬಣ್ಣ ತಿದ್ದಿವೆ, ಒಂದನ್ನು ಸುಮ್ಮನಾಗಿಸಿ.

ಮೈಸೂರು ಶೈಲಿಯ ಚಿತ್ರಗಳನ್ನು ಪ್ರಿಂಟು ಹಾಕುವವರಿಗೆ ಒಂದು ಬಿಸಿ ಸುದ್ದಿ: ಹನ್ನೆರಡು ಬಣ್ಣದಲ್ಲಿ ಚಿನ್ನ ಇಲ್ಲ. ರಾಜರಾಜೇಶ್ವರಿಯ ಕಿರೀಟದ ಚಿನ್ನದ ರೇಕು ಪ್ರಿಂಟಿನಲ್ಲಿ ಸಾಸಿವೆ ಬಣ್ಣ. ಫೋಟೊ ತೆಗೆಯುವಾಗ ಹೊಳಪು ಕಳೆಯಲೆಂದು ಲೈಟಿಗೂ ಲೆನ್ಸಿಗೂ ಪೋಲರೈಜರ್ ಫಿಲ್ಟರನ್ನು ಒಂದಕ್ಕೊಂದು ಅಡ್ಡಡ್ಡ ಹಾಕಿದರೆ ಲೋಹ ಕಪ್ಪಾಗಿ ಕಿರೀಟ ತುಕ್ಕು ಹಿಡಿದ ಹಾಗೆ ಕಾಣುತ್ತದೆ. ರೇಕಿನ ಜಾಗಕ್ಕೆ ಬದಿಯಿಂದ ಮೆತ್ತನೆ ಬೆಳಕು ಕೊಟ್ಟು ಬೇರೆ ಫೋಟೊ ತೆಗೆದು ಸೇರಿಸಬೇಕು. ಇನ್ನೂ ಒಳ್ಳೆಯದು ಬೇಕೆಂದರೆ ಪ್ರಿಂಟು ಒಣಗಿದ ಮೇಲೆ ಆ ಜಾಗಕ್ಕೆ ಕೈಯಲ್ಲೇ ರೇಕು ಅಂಟಿಸಬೇಕು.

ಇಷ್ಟೆಲ್ಲ ದಾಟಿ ಬಂದ ಪ್ರಿಂಟು ಒಂದು ದಿನವಾದರೂ ತೆರೆದಿಟ್ಟು ಒಣಗಿ, ಫ್ರೇಮಿನ ಅಂಗಡಿಗೆ ಹೋಗುತ್ತದೆ. ಅಲ್ಲಿಯವರು 308 ಜಿಎಸ್‌ಎಂ (ಚದರ ಮೀಟರಿಗೆ 308 ಗ್ರಾಂ) ಹತ್ತಿ ಕಾಗದವನ್ನು ಬೆರಳಲ್ಲಿ ಉಜ್ಜಿ ನೋಡಿ, ‘ಶೈನಿಂಗೇ ಇಲ್ವಲ್ಲ ಸಾರ್, ಲ್ಯಾಮಿನೇಷನ್ ಹೊಡೆದುಬಿಡ್ಲಾ?’ ಅನ್ನುತ್ತಾರೆ. ಜೊತೆಗೆ ಫೆವಿಕಾಲ್ ಬಳಿದ ಪ್ಲೈವುಡ್ ಸಿದ್ಧ. ಪ್ರಿಂಟು ಕೊಟ್ಟು ‘ಸಂಜೆ ಬರ್ತೀನಿ’ ಎಂದು ಹೊರಡಬೇಡಿ. ಲ್ಯಾಮಿನೇಷನ್ ಬೇಡ, ಗೋಂದು ಬೇಡ, ಮೇಲ್ತುದಿಗೆ ಮಾತ್ರ ಆಮ್ಲವಿಲ್ಲದ ಟೇಪು, ಗಾಜು ತಾಗದ ಹಾಗೆ ನಡುವೆ ಮೌಂಟ್ ಬೋರ್ಡು ಎಂದು ಹೇಳಿ, ಆ ಟೇಪನ್ನು ನೀವೇ ಕೈಯಲ್ಲಿ ಕೊಟ್ಟು, ಮೊಳೆ ಹೊಡೆಯುವ ತನಕ ಅಲ್ಲೇ ಸ್ಟೂಲಿನ ಮೇಲೆ ಕೂತಿರಿ.